ಹದಿನೇಳು ಮುದ್ದೆಯ ಹೊಟ್ಟೆ

ಚಿಕ್ಕಸ್ವಾಮಿ ಊಟಕ್ಕೆ ಕೂತನೆಂದರೆ ಪಾಂಡವಪುರ ತಾಲ್ಲೂಕಿನ ರಾಗಿಗೆಲ್ಲ ನಡುಕ ಹುಟ್ಟುತ್ತಿತ್ತು. ಇದರಲ್ಲಿ ಒಂದು ಕಾಳು ಸುಳ್ಳಿಲ್ಲ. ಮೂರು ವರ್ಷದ ಹಿಂದೆ ಕೆ.ಆರ್.ಪೇಟೆಯಲ್ಲಿ ನಡೆದ ಮುದ್ದೆ ಉಣ್ಣುವ ಪಂದ್ಯದಲ್ಲಿ ಅವನು ಅರ್ಧ ಗಂಟೆಯೊಳಗೆ ಹದಿನೇಳು ಮುದ್ದೆ ಇಳಿಸಿದ್ದ. ಒಂದೊಂದು ಮುದ್ದೆ ಎಳೆಗರುವಿನ ತಲೆಯಷ್ಟಿತ್ತು. ಹದಿನೆಂಟನೆಯದಕ್ಕೆ ಕೈ ಚಾಚಿದಾಗ ಪಂದ್ಯ ನಡೆಸುವವರೇ ಕೈಮುಗಿದು, "ಸಾಕು ಕಣಪ್ಪಾ, ನೋಡಾಕ್ ಬಂದೋರ್ಗೂ ಒಂಚೂರು ಉಳ್ಸು" ಎಂದು ಬೇಡಿಕೊಂಡರು. ಬಹುಮಾನದ ಟಗರನ್ನು ಅವನು ಹೆಗಲ ಮೇಲೆ ಹೊತ್ತು ಬೋರಾಪುರದ ಕೊಪ್ಪಲಿಗೆ ತಂದಾಗ, ದಾರಿಯುದ್ದಕ್ಕೂ ಆ ಟಗರು ಹೆದರಿ ಕಣ್ಣೇ ಬಿಟ್ಟಿರಲಿಲ್ಲ. ಟ್ರಾಕ್ಟರು ತೆಗೆದುಕೊಂಡು ಯಾರ ಗದ್ದೆಗೆ ಹೋದರೂ ಆ ಮನೆಯವರಿಗೆ ಉಳುಮೆಗಿಂತ ಅವನ ಊಟದ್ದೇ ದೊಡ್ಡ ಚಿಂತೆ.

ಅಂಥವನು ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅರ್ಧ ಮುದ್ದೆ ಮುರಿದು, ನಾಲ್ಕು ತುತ್ತು ನುಂಗಿ, ತಟ್ಟೆ ಸರಿಸಿದ.

"ತುಂಬೋಯ್ತು ಕಣಮ್ಮಿ."

ಹೆಂಡತಿ ಜಯಶೀಲ ನಕ್ಕಳು. "ಯಾವೋಳ್ ಮನೇಲಿ ಉಂಡ್ಕಂಡ್ ಬಂದ್ರಿ, ಯೋಳ್ಬುಡಿ."

"ಅಯ್ಯೋ, ನನ್ಗೆ ಅಡುಗೆ ಮಾಡಾಕೋಗಿ ಯಾವೋಳು ಮನೆ ಮಾರ್ಕತಾಳೆ ಬುಡು!"

ಇಬ್ಬರೂ ನಕ್ಕರು. ಆ ಮನೆಯಲ್ಲಿ ಜನ ಹೊಟ್ಟೆ ತುಂಬ ನಕ್ಕಿದ್ದು ಅದೇ ಕೊನೆ.

ಶಿವರಾತ್ರಿ ಬರುವಷ್ಟರಲ್ಲಿ ಅರ್ಧ ಮುದ್ದೆ ಕಾಲು ಮುದ್ದೆಯಾಯಿತು. ನಾಲ್ಕು ತುತ್ತಿಗೇ ಹೊಟ್ಟೆಯೊಳಗೆ ಬೀಸುಕಲ್ಲು ಇಟ್ಟ ಹಾಗೆ ಆಗುತ್ತಿತ್ತು. ಹಿಂದಿನ ದಿನ ಉಂಡದ್ದನ್ನು ಬೆಳಿಗ್ಗೆ ಹಿತ್ತಿಲಲ್ಲಿ ಹಾಗೆಹಾಗೇ ಕಕ್ಕುತ್ತಿದ್ದ. ತೊಂಬತ್ತೆರಡು ಕೆ.ಜಿ. ಇದ್ದ ಆಳು, ವಾರಕ್ಕೊಂದು ಸಲ ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಕೊರೆದುಕೊಂಡ. ಕೊನೆಗೆ ಬೆಲ್ಟಿನಲ್ಲಿ ಚರ್ಮಕ್ಕಿಂತ ತೂತೇ ಹೆಚ್ಚಾಯಿತು.

ಜಯಶೀಲ ಅವನನ್ನು ಮೈಸೂರಿನ ಒಂದು ನರ್ಸಿಂಗ್ ಹೋಮಿಗೆ ಎಳೆದುಕೊಂಡು ಹೋದಳು. ಬಾಯಿಂದ ಕ್ಯಾಮೆರಾ ಪೈಪು ಇಳಿಸಿ ನೋಡಿದ ಡಾಕ್ಟರು, "ಒಳಪದರ ಚೆನ್ನಾಗೇ ಕಾಣ್ತಿದೆ. ಗಡ್ಡೆ ಇಲ್ಲ, ಹುಣ್ಣಿಲ್ಲ. ಆದ್ರೆ ಗಾಳಿ ಬಿಟ್ರೆ ಹೊಟ್ಟೆ ಸರಿಯಾಗಿ ಉಬ್ತಾ ಇಲ್ಲ" ಎಂದರು. ಒಂದೆರಡು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. ಮಾತ್ರೆ ಬರೆದುಕೊಟ್ಟು, ತಿಂಗಳಲ್ಲಿ ಕಡಿಮೆಯಾಗದಿದ್ದರೆ ತಪ್ಪದೇ ಬನ್ನಿ, ಇನ್ನೊಮ್ಮೆ ನೋಡಲೇಬೇಕು ಎಂದು ಎರಡೆರಡು ಸಲ ಹೇಳಿದರು. ಚಿಕ್ಕಸ್ವಾಮಿಯ ಕಿವಿ ಅದರಲ್ಲಿ 'ಇಲ್ಲ' ಅನ್ನುವ ಒಂದು ಮಾತನ್ನು ಮಾತ್ರ ಊರಿಗೆ ತಂದಿತು. ಬಸ್ಸಿಳಿದಲ್ಲಿಂದ ಮನೆ ಮುಟ್ಟುವುದರೊಳಗೆ ನೂರು ಜನಕ್ಕೆ ಹೇಳಿದ. ಬೋರಾಪುರದ ಕೊಪ್ಪಲಿನಲ್ಲಿ ಇರುವುದೇ ಅರವತ್ತು ಜನ.

ಡಾಕ್ಟರಿಗೂ ಸಿಕ್ಕದ ಕಾಯಿಲೆ ಎಂದರೆ ಇನ್ನೇನು? ಅವನ ತಾಯಿ ದ್ಯಾವಮ್ಮನಿಗೆ ಅನುಮಾನವೇ ಉಳಿಯಲಿಲ್ಲ. "ನನ್ ಮಗಂಗೆ ಮದ್ದಾಕವ್ರೆ" ಎಂದಳು.

ಅನ್ನದಲ್ಲೋ ಸಾರಿನಲ್ಲೋ ಕಲಸಿ, ಕಾಣದ ಹಾಗೆ ಉಣ್ಣಿಸುವುದೇ ಮದ್ದು. ಗಂಡ ಹೇಳಿದ ಮಾತು ಕೇಳಲಿ ಅಂತ ಹೆಂಡತಿಯರು ಹಾಕುತ್ತಾರೆಂದು ಆ ಸೀಮೆಯ ನಂಬಿಕೆ. ಅದು ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು, ಊಟ ಸೇರಗೊಡದೆ, ಆಳನ್ನು ಕಡ್ಡಿ ಮಾಡುತ್ತದೆ. ಹಾಕಿದ್ದು ಯಾರು ಅಂತ ಹುಡುಕಲು ದ್ಯಾವಮ್ಮ ದೂರ ಹೋಗಬೇಕಾಗಿರಲಿಲ್ಲ. ಹೋದ ವರ್ಷ ಯುಗಾದಿಯಲ್ಲಿ ಅತ್ತೆ ಸೊಸೆ ಜಗಳವಾಗಿ ಒಲೆ ಬೇರೆಯಾದಾಗ ಮಗ ಹೆಂಡತಿಯ ಒಲೆಯ ಕಡೆ ಹೋಗಿ ಕೂತಿದ್ದ. ಅದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೆ.ಆರ್.ಪೇಟೆಯ ಆಚೆ ಚಿಕ್ಕಬೋರಮ್ಮ ಎಂಬ ಮುದುಕಿ ಮದ್ದು ತೆಗೆಯುವುದರಲ್ಲಿ ಏಳು ಜಿಲ್ಲೆಗೆ ಹೆಸರಾದವಳು. ದ್ಯಾವಮ್ಮ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಖಾಲಿ ಹೊಟ್ಟೆಗೆ ಮುದುಕಿ ಕುಡಿಸಿದ ಸೊಪ್ಪಿನ ರಸಕ್ಕೆ ಚಿಕ್ಕಸ್ವಾಮಿ ತಾನು ಹುಟ್ಟಿದಾಗಿನಿಂದ ಉಂಡದ್ದನ್ನೆಲ್ಲ ಕಕ್ಕಿದ. ಅದರೊಳಗಿಂದ ಮುದುಕಿ ಕಡ್ಡಿಯಲ್ಲಿ ಒಂದು ಕಪ್ಪು ಉಂಡೆ ಎತ್ತಿ ತೋರಿಸಿದಳು.

"ಅರ್ಧ ಬಂತು. ಇನ್ನರ್ಧ ಕಚ್ಕಬುಟ್ಟದೆ. ಹಾಕ್ದೋರು ಬಾಯ್ಬುಟ್ಟು ಒಪ್ಕಬೇಕು, ಅಲ್ಲೀಗಂಟ ಅದು ಬುಡಾಕಿಲ್ಲ."

ಅಂದಿನಿಂದ ಜಯಶೀಲಳ ಬದುಕು ಕೆಂಡದ ಮೇಲಿನ ಬಾಳಾಯಿತು. "ಒಪ್ಕೊ" ಎಂದು ಅತ್ತೆ ಬೆಳಿಗ್ಗೆ, "ಒಪ್ಕೊ" ಎಂದು ಸಂಜೆ. ಚಿಕ್ಕಸ್ವಾಮಿ ಬಾಯಲ್ಲಿ ಏನೂ ಅನ್ನಲಿಲ್ಲ. ಆದರೆ ಹೆಂಡತಿ ತಂದಿಟ್ಟ ಗಂಜಿಯನ್ನು ಮುಟ್ಟುವುದು ಬಿಟ್ಟ. ಅಷ್ಟು ಸಾಕಾಗಿತ್ತು ಅವಳಿಗೆ. ಅವನ ತಾಯಿ ಕೊಟ್ಟದ್ದರಲ್ಲಿ ಎರಡು ಚಮಚ ಕುಡಿದು ಗೋಡೆಗೆ ತಿರುಗಿ ಮಲಗುತ್ತಿದ್ದ. ಮತ್ತೆ ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಅವ್ರು ಇಲ್ಲ ಅಂದೋರೆ ಬುಡು" ಎನ್ನುತ್ತಿದ್ದ. ಡಾಕ್ಟರು ಹೇಳಿದ ತಿಂಗಳು ಎಂದೋ ಮುಗಿದಿತ್ತು.

ಜಯಶೀಲ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಹನ್ನೊಂದು ವರ್ಷದಲ್ಲಿ ಅವಳು ಕ್ಯಾನಿನೊಳಗೆ ಇಳಿಸಿದ ಸೌಟನ್ನು ಲೆಕ್ಕ ಹಾಕಿದರೆ ಕನ್ನಂಬಾಡಿ ಕಟ್ಟೆ ಎರಡು ಸಲ ಖಾಲಿಯಾಗಬೇಕು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕೆಂಪಣ್ಣ ಎಮ್ಮೆ ಹಾಲು ತಂದು ಎಂದಿನ ಹಾಗೆ ಹಲ್ಲು ಕಿರಿದ.

"ಮೇಲ್ಗಡೆಯಿಂದ ತಕ್ಕಳವ್ವಾ. ಕಲಕ್ಬ್ಯಾಡ, ಕೆನೆ ಒಡೀತದೆ."

"ಮೇಲ್ಗಡೆ ತಗದ್ರೆ ನಿನ್ ನೀರೆಲ್ಲ ತುಪ್ಪ ಅಂತ ಬತ್ತದೆ ಕಣಣ್ಣಾ. ಕೆಳೀಕ್ ಹಾಕಿದ್ರೇನೆ ನಿನ್ ಬಂಡ್ವಾಳ ಗೊತ್ತಾಗಾದು."

ಹಾಗೆಂದು ಕ್ಯಾನಿನ ತಳದವರೆಗೆ ಕೋಲಾಡಿಸಿ ಸೌಟು ಇಳಿಸಿದವಳು ಹಾಗೇ ನಿಂತುಬಿಟ್ಟಳು. ಹಿಂದೆ ಇಪ್ಪತ್ತು ಕ್ಯಾನು ಸಾಲುಗಟ್ಟಿತ್ತು. ಒಳಪದರ ಚೆನ್ನಾಗಿದೆ ಎಂದಿದ್ದರು ಡಾಕ್ಟರು. ಚಿವುಟಿದ್ದೂ ಅದೇ ಪದರದಿಂದ. ಗಾಳಿ ಬಿಟ್ಟರೆ ಉಬ್ಬದ ಹೊಟ್ಟೆಯಲ್ಲಿ ಕೆಟ್ಟಿರುವುದು ಮೇಲಲ್ಲ, ಆಳದಲ್ಲಿದ್ದರೆ?

"ಏನವ್ವಾ, ಹಾಲ್ಗೂ ಮದ್ದಾಕ್ತಿದ್ದೀಯಾ?" ಎಂದು ಸಾಲಿನಲ್ಲಿದ್ದ ಯಾರೋ ನಕ್ಕರು. ಜಯಶೀಲ ತಿರುಗಿ ನೋಡಲಿಲ್ಲ. ಕೈಗೆ ಬಂದ ಅಂಕಿ ಬರೆದು, ಸಾಲು ಮುಗಿಸಿ, ಒಂದೇ ಉಸಿರಿಗೆ ಮನೆಗೆ ಬಂದಳು.

ಚಿಕ್ಕಸ್ವಾಮಿ ಜಗಲಿಯಲ್ಲಿ ಮಲಗಿದ್ದ. ಕಂಬಳಿಯ ಕೆಳಗೆ ಆಳು ಇದ್ದಾನೋ ಇಲ್ಲವೋ ಎಂದು ಮುಟ್ಟಿ ನೋಡಬೇಕಾಗಿತ್ತು. ದ್ಯಾವಮ್ಮ ಕಾಲ ಬಳಿ ಕೂತು ಪಾದ ಉಜ್ಜುತ್ತಿದ್ದಳು. ಕೆಂಪಣ್ಣ ಖಾಲಿ ಕ್ಯಾನು ಹಿಡಿದು ಅವಳ ಹಿಂದೆಯೇ ಬಂದ.

ಜಯಶೀಲ ಅಂಗಳದ ನಡುವೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು: "ಹೂಂ. ನಾನೇ ಹಾಕ್ದೆ."

ಬೀದಿಯ ನಾಯಿಗಳು ಬೊಗಳುವುದನ್ನು ಅರ್ಧಕ್ಕೆ ನುಂಗಿಕೊಂಡವು. ಊರ ಮುಂದಿನ ನಾಲೆಯ ನೀರು ಕೂಡ ಒಂದು ಗಳಿಗೆ ನಿಂತು ಕೇಳಿರಬೇಕು.

"ನಾನ್ ತಂದಿದ್ದು ಎಲ್ಲಾರ್ ಥರದ್ದಲ್ಲ" ಎಂದಳು ಮತ್ತೆ. "ಅದು ಹೊಟ್ಟೆ ಗೋಡೆ ಒಳೀಕೇ ಇಳ್ಕತದೆ. ಸೊಪ್ಪಿನ್ ರಸಕ್ಕೆ ಬರಾಕಿಲ್ಲ. ನಾಗಮಂಗಲದ ಕಡೆ ದೊಡ್ ಆಸ್ಪತ್ರೆ ಅದಲ್ಲ, ಅಲ್ಲಿ ಪೈಪ್ ಬುಟ್ಟು ಆಳದಿಂದ ಕೀಳ್ಬೇಕು. ನಾಳೇನೇ ಓಗ್ಬೇಕು. ಇಲ್ಲಾಂದ್ರೆ ಅದು ಬುಡಾಕಿಲ್ಲ."

ಚಿಕ್ಕಸ್ವಾಮಿ ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದ. ಬೈಯಲಿಲ್ಲ, ಉಗಿಯಲಿಲ್ಲ. ದ್ಯಾವಮ್ಮ ಎದ್ದು ಮೂಲೆಯ ಪೊರಕೆ ಎತ್ತಿಕೊಂಡಳು. ಸೊಸೆಯನ್ನು ಹೊಡೆದು ಕೊಂದೇಬಿಡುತ್ತಾಳೆಂದು ಕೆಂಪಣ್ಣ ಕ್ಯಾನು ಕೆಳಗಿಟ್ಟ. ಮುದುಕಿ ಪೊರಕೆ ಹಿಡಿದೇ ಬಂದು, ಜಯಶೀಲಳ ರಟ್ಟೆ ಹಿಡಿದು, ಕೊಟ್ಟಿಗೆಯೊಳಗೆ ಎಳೆದುಕೊಂಡು ಹೋದಳು. ಅಲ್ಲಿ ಎಮ್ಮೆಯ ಮರೆಯಲ್ಲಿ ಅವಳ ಕಿವಿಗೆ ಬಾಯಿಟ್ಟಳು.

"ಎಷ್ಟಾಕ್ದೆ?"

ಜಯಶೀಲ ಎಮ್ಮೆಯ ಹಗ್ಗ ಹಿಡಿದುಕೊಂಡಳು.

"ನಾನು ಕಡ್ಳೇಕಾಳ್ನಷ್ಟು ಹಾಕಿದ್ದೆ ಕಣಮ್ಮೀ" ಎಂದಳು ದ್ಯಾವಮ್ಮ. "ಹುಳ್ಳೀಸಾರ್ಗೆ."

ಪೊರಕೆ ಕೈಯಿಂದ ಜಾರಿತು. ದ್ಯಾವಮ್ಮನ ಗಂಡ ಸೋಮಯ್ಯ ಸತ್ತು ಮೂವತ್ತು ವರ್ಷ. ಆಗ ಚಿಕ್ಕಸ್ವಾಮಿಗೆ ಹನ್ನೆರಡು. ಸೋಮಯ್ಯನಿಗೆ ಶ್ರೀರಂಗಪಟ್ಟಣದಲ್ಲಿ ಇನ್ನೊಬ್ಬಳ ಸಂಗವಿತ್ತು. ವಾರಗಟ್ಟಲೆ ಮನೆ ಸೇರುತ್ತಿರಲಿಲ್ಲ. ದ್ಯಾವಮ್ಮ ಯಾರಿಗೂ ತಿಳಿಯದ ಹಾಗೆ ಚಿಕ್ಕಬೋರಮ್ಮನ ಅತ್ತೆಯ ಹತ್ತಿರ ಮದ್ದು ತಂದು ಸಾರಿನಲ್ಲಿ ಕಲಸಿದಳು. ಆ ತಿಂಗಳೇ ಸೋಮಯ್ಯ ಮನೆಗೆ ಬಂದ, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತು ಎನ್ನುತ್ತಾ, ಕಕ್ಕುತ್ತಾ, ಒಣಗುತ್ತಾ, ನಲವತ್ತನಾಲ್ಕಕ್ಕೆ ಹೋದ.

"ಮನೇಲಿರ್ಲಿ ಅಂತ ಹಾಕ್ದೆ ಕಣವ್ವಾ. ಸಾಯ್ಲಿ ಅಂತ ಹಾಕ್ಲಿಲ್ಲ. ತಗ್ಸಾಕೆ ಕರ್ಕಂಡೋದ್ರೆ ಸೊಪ್ಪಿನ್ ರಸಕ್ಕೆ ಬರ್ಲೇ ಇಲ್ಲ. ಬರಾಕಿಲ್ಲ ಅಂತ ನಂಗೊತ್ತು. ನೀನ್ ಯೋಳಿದ್ ಸರಿ. ಆಸ್ಪತ್ರೆಗೇ ಓಗಾನ."

ಮೂವತ್ತು ವರ್ಷ ಆ ಹೆಂಗಸು ಅದೊಂದು ಕಾಳನ್ನು ನುಂಗಿಕೊಂಡು ಬದುಕಿದ್ದಳು. ತಾನು ಹಾಕಿಲ್ಲ, ಹಾಕಿದ್ದೆ ಎಂದದ್ದು ಸುಳ್ಳು ಎಂಬ ಮಾತು ಜಯಶೀಲಳ ನಾಲಿಗೆ ತುದಿಗೆ ಬಂತು. ಹೇಳಿದರೆ ನಾಳೆಯ ಪ್ರಯಾಣ ನಿಂತುಹೋಗುತ್ತದೆ. ಅವಳು ಆ ಮಾತು ನುಂಗಿ ಅತ್ತೆಯ ಕೈ ಹಿಡಿದುಕೊಂಡಳು.

ಮರುದಿನ ಕೆಂಪಣ್ಣನೇ ತನ್ನ ಓಮ್ನಿ ತೆಗೆದ. ಮಗನನ್ನು ಅವನ ಮನೆಯಲ್ಲಿ ಬಿಟ್ಟು, ಮಂಡ್ಯದಲ್ಲಿ ಓದುತ್ತಿದ್ದ ಮಗಳಿಗೆ ಫೋನು ಮಾಡಿ ಹೊರಟರು. ಮೇಲುಕೋಟೆ ಬೆಟ್ಟದ ತಿರುವಿನಲ್ಲಿ ವಾಹನ ಕುಲುಕಿದಾಗಲೆಲ್ಲ ಚಿಕ್ಕಸ್ವಾಮಿ ಹಲ್ಲು ಕಚ್ಚುತ್ತಿದ್ದ. ಒಂದು ಸಲ ಹೆಂಡತಿಯ ಕಡೆ ಬಾಗಿ, ಅಮ್ಮನಿಗೆ ಕೇಳದ ಹಾಗೆ ಹೇಳಿದ:

"ನೀನ್ ಹಾಕಿಲ್ಲ ಅಂತ ನಂಗೊತ್ತು ಕಣ್ಲೇ. ಕಾಪಿಗೆ ಸಕ್ರೆ ಹಾಕಾದೇ ಮರ್ತೋಗಾ ಹೆಂಗ್ಸು, ಮದ್ದೇನ್ ನೆಪ್ಪಿಟ್ಕಂಡ್ ಹಾಕೀಯೆ?"

"ಮತ್ತೆ ಯಾಕ್ ನನ್ ಕೈಲಿ ಉಣ್ಲಿಲ್ಲ?"

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ನಿನ್ ಮುಂದೆ ಕಕ್ಕಾಕೆ ನಾಚ್ಕೆ ಆಗ್ತಿತ್ತು ಕಣಮ್ಮಿ. ನೀನು ಹದಿನೇಳ್ ಮುದ್ದೆ ನೋಡಿದ್ದೋಳು."

ಆಸ್ಪತ್ರೆಯಲ್ಲಿ ಅವನನ್ನು ನೋಡಿದ್ದು ಡಾಕ್ಟರ್ ಸಂಘಮಿತ್ರಾ. ಮೂವತ್ತರ ಆಸುಪಾಸಿನ ಹೆಣ್ಣುಮಗಳು; ಮಾತು ಕಡಿಮೆ, ಕೇಳುವುದು ಹೆಚ್ಚು. ಎಷ್ಟು ಊಟ ಮಾಡುತ್ತೀರಿ ಎಂದಾಗ ಚಿಕ್ಕಸ್ವಾಮಿ ಮಂಚದ ಮೇಲೆ ಎದೆ ಸೆಟೆಸಿ, "ಹದಿನೇಳು ಮುದ್ದೆ ಮೇಡಂ. ಈಗ ಒಂದೀಟು ಕಮ್ಮಿ" ಎಂದ. ಆ ಮಾತಿಗೇ ಅವನಿಗೆ ಏದುಸಿರು ಬಂತು.

ಜಯಶೀಲ ಹಳೆಯ ರಿಪೋರ್ಟನ್ನು ಮುಂದೆ ಹಿಡಿದಳು. "ಮೇಡಂ, ಈ ಸಲ ಮೇಲ್ ಮೇಲೆ ತಗೀಬ್ಯಾಡಿ. ಆಳಕ್ ಹಾಕಿ ತಗೀರಿ."

ಡಾಕ್ಟರು ತಲೆ ಎತ್ತಿದರು. "ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ. ನಾನು ಡೈರೀಲಿ ಹಾಲು ನೋಡ್ತೀನಿ."

ಅವರು ನಗಲಿಲ್ಲ. "ನೀವು ಹೇಳಿದ ಹಾಗೇ ಮಾಡಬೇಕಾಗಿದೆ" ಎಂದರು. ಒಂದೇ ಜಾಗದಲ್ಲಿ ಚಿವುಟಿದ ಮೇಲೆ ಚಿವುಟಿ, ಅದರ ಒಳಗಿನಿಂದ ಮತ್ತೆ ಚಿವುಟಿ ಚೂರು ತೆಗೆದರು. ಹೊಟ್ಟೆಯ ಸ್ಕ್ಯಾನು ಮಾಡಿಸಿದರು. ಹೊಟ್ಟೆಯ ಸುತ್ತ ನೀರು ತುಂಬಿತ್ತು. ಅದನ್ನು ಸೂಜಿಯಲ್ಲಿ ಎಳೆದು ಅದನ್ನೂ ಪರೀಕ್ಷೆಗೆ ಕಳಿಸಿದರು.

ರಿಪೋರ್ಟು ಬರುವವರೆಗಿನ ಒಂಬತ್ತು ದಿನ ಒಂಬತ್ತು ಯುಗದಷ್ಟು ಉದ್ದವಾಗಿದ್ದವು. ಜಯಶೀಲ ಆಸ್ಪತ್ರೆಯ ಆವರಣದಲ್ಲಿದ್ದ ಎಲ್ಲ ದೇವರಿಗೂ, ದೇವರಂತೆ ಕಂಡ ಎರಡು ಕಲ್ಲಿಗೂ ಹರಕೆ ಹೊತ್ತಳು. ಚಿಕ್ಕಸ್ವಾಮಿ ಈಗ ಅವಳ ಕೈಯಿಂದಲೇ ಗಂಜಿ ಕುಡಿಯುತ್ತಿದ್ದ. ಮೂರು ಚಮಚ. ಒಂದು ದಿನ ನಾಲ್ಕು ಚಮಚ ಇಳಿಯಿತೆಂದು ಅವಳು ನರ್ಸನ್ನು ಕರೆದು ಹೇಳಿದಳು. ನರ್ಸು ಬರುವಷ್ಟರಲ್ಲಿ ನಾಲ್ಕೂ ವಾಪಸು ಬಂದಿತ್ತು.

ಹತ್ತನೆಯ ದಿನ ಸಂಘಮಿತ್ರಾ ಅತ್ತೆ ಸೊಸೆ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು.

"ಇದು ಅಪರೂಪದ ಥರದ ಹೊಟ್ಟೆ ಕ್ಯಾನ್ಸರ್" ಎಂದರು. "ಗಡ್ಡೆಯಾಗಿ ಒಂದು ಕಡೆ ಬೆಳೆಯಲ್ಲ. ಕಣಗಳು ಒಂದೊಂದೇ ಬಿಡಿಬಿಡಿಯಾಗಿ ಹೊಟ್ಟೆಯ ಗೋಡೆಯೊಳಗೆ ನುಸುಳಿ ಹರಡ್ತವೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮುದ್ರೆ ಉಂಗುರದ ಹಾಗೆ ಕಾಣ್ತವೆ. ಮೇಲಿನ ಪದರ ಚೆನ್ನಾಗೇ ಇರುತ್ತೆ, ಅದಕ್ಕೇ ಮೊದಲ ಸಲ ಸಿಗೋದು ಕಷ್ಟ. ಗೋಡೆ ದಪ್ಪವಾಗಿ, ಬಿರುಸಾಗಿ, ಹೊಟ್ಟೆ ಚರ್ಮದ ಚೀಲದ ಹಾಗಾಗುತ್ತೆ. ಹಿಗ್ಗೋದೇ ಇಲ್ಲ. ಅದಕ್ಕೇ ಅವರಿಗೆ ನಾಲ್ಕು ತುತ್ತಿಗೇ ತುಂಬಿದ ಹಾಗೆ ಆಗ್ತಿದ್ದದ್ದು."

"ಹೊಟ್ಟೇನೇ ಕುಯ್ದು ತಗ್ದುಬುಡಿ ಮೇಡಂ" ಎಂದಳು ಜಯಶೀಲ. "ಹೊಟ್ಟೆ ಇಲ್ದೇನೂ ಬದುಕ್ತಾರಂತಲ್ಲ. ನಾನ್ ನೋಡ್ಕತೀನಿ. ಚಮಚದಲ್ಲಿ ಬೇಕಾದ್ರೂ ಜೀವ್ಮಾನೆಲ್ಲ ಕುಡುಸ್ತೀನಿ."

"ಹೊಟ್ಟೆ ದಾಟಿ ಹೋಗಿದೆ ಅಮ್ಮಾ. ಆ ನೀರಲ್ಲೂ ಅದೇ ಕಣಗಳು ಸಿಕ್ಕಿವೆ. ಕೀಮೋ ಶುರು ಮಾಡ್ತೀವಿ. ತಡ್ಕೊಂಡ್ರೆ ಕೆಲವು ತಿಂಗಳು."

"ಆ ಡಾಕ್ಟ್ರು ಬನ್ನಿ ಅಂದಾಗ್ಲೇ ಬಂದಿದ್ರೆ?"

ಸಂಘಮಿತ್ರಾ ಹಳೆಯ ರಿಪೋರ್ಟನ್ನು ಮಡಿಸಿಟ್ಟರು. "ಈ ಕಾಯಿಲೇಲಿ ತುಂಬಾ ಜನಕ್ಕೆ ಗೊತ್ತಾಗೋ ಹೊತ್ತಿಗೇ ತಡವಾಗಿರುತ್ತೆ" ಎಂದರು. ಅದು ಹೌದು ಎಂಬ ಮಾತೂ ಅಲ್ಲ, ಅಲ್ಲ ಎಂಬ ಮಾತೂ ಅಲ್ಲ. ಜಯಶೀಲ ಅದನ್ನು ಹಿಡಿದುಕೊಂಡು ಉಳಿದ ಬಾಳನ್ನೆಲ್ಲ ಕಳೆಯಬೇಕಾಗಿತ್ತು.

ಡಾಕ್ಟರು ಒಂದು ಬಿಳಿ ಹಾಳೆ ಎಳೆದುಕೊಂಡರು. "ಇನ್ನೊಂದು ವಿಷಯ. ಎಲ್ಲರಲ್ಲೂ ಹೀಗಿರಲ್ಲ, ಆದರೆ ಕೆಲವು ಮನೆಗಳಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತೆ. ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ, ಇದೇ ಥರ ಊಟ ಸೇರದೆ ತೀರಿಕೊಂಡಿದ್ದಾರಾ?"

ದ್ಯಾವಮ್ಮ ಕುರ್ಚಿಯ ಅಂಚಿಗೆ ಬಂದಳು. "ನನ್ ಗಂಡ" ಎಂದಳು. "ಸೋಮಯ್ಯ. ನಲವತ್ನಾಕು." ಡಾಕ್ಟರು ಹಾಳೆಯ ಮೇಲೆ ಗಂಡಸಿಗೆ ಒಂದು ಚೌಕ ಬರೆದು, ಸತ್ತವನೆಂದು ಅಡ್ಡಗೆರೆ ಎಳೆದರು. "ಅವ್ರ ತಂಗಿ ಚನ್ನಾಜಿ. ಮೂವತ್ತೆಂಟಿರ್ಬೈದು. ಗಂಡನ್ ಮನೇಲಿ ಮದ್ದಾಕಿದ್ರು ಅಂತ ಜಗಳ ಆಡಿದ್ವಿ." ಹೆಂಗಸಿಗೆ ಒಂದು ಸೊನ್ನೆ, ಅದಕ್ಕೂ ಗೆರೆ. "ನಮ್ ಮಾವ, ಅವ್ರಪ್ಪನೂ ಅಂಗೇ ಅಂತೆ. ನಾನ್ ನೋಡಿಲ್ಲ." ಮತ್ತೊಂದು ಚೌಕ, ಮತ್ತೊಂದು ಗೆರೆ.

ಮುದುಕಿ ಆ ಗೆರೆಗಳನ್ನೇ ನೋಡಿದಳು. ಓದಲು ಬಾರದ ಅವಳಿಗೆ ಅಷ್ಟು ಸಲೀಸಾಗಿ ಅರ್ಥವಾದ ಬರವಣಿಗೆ ಜಗತ್ತಿನಲ್ಲಿ ಇನ್ನೊಂದಿರಲಾರದು.

"ಅಂಗಾರೆ... ಒಂದ್ ಕಡ್ಳೇಕಾಳ್ನಷ್ಟು ಏನಾರ ತಿಂದ್ರೆ ಇದು ಬರಾಕಿಲ್ವಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. "ಇಲ್ಲಮ್ಮಾ. ಯಾರೂ ಏನೂ ತಿನ್ನಿಸಿ ಬರೋದಲ್ಲ ಇದು."

ಮೂವತ್ತು ವರ್ಷದ ಬಂಡೆ ಎದೆಯಿಂದ ಇಳಿದರೆ ಹೆಂಗಸೊಬ್ಬಳು ಹಾರಿಹೋಗಬೇಕು. ದ್ಯಾವಮ್ಮ ಮಾತ್ರ ಕುಸಿದಳು. ಸೊಸೆಯ ಸೆರಗು ಹಿಡಿದುಕೊಂಡು, "ನಾನೇ ಕೊಂದಿದ್ರೆ ವಾಸಿಯಾಗಿತ್ತಲ್ಲವ್ವಾ" ಎಂದಳು. "ಪಾಪ ನನ್ನತ್ರಕ್ಕೇ ಮುಗೀತಿತ್ತು. ನಾನ್ ಸತ್ರೆ ಅದೂ ಸಾಯ್ತಿತ್ತು. ಇದು ಎಲ್ ನಿಲ್ತದೆ?"

"ನಾನೂ ಹಾಕಿರ್ಲಿಲ್ಲ ಅತ್ತೆ" ಎಂದಳು ಜಯಶೀಲ, ಮೆಲ್ಲಗೆ.

ದ್ಯಾವಮ್ಮ ಅವಳನ್ನು ನೋಡಿದಳು. "ಗೊತ್ತಾಯ್ತು ಬುಡು" ಎಂದಳು. ಸೆರಗು ಬಿಡಲಿಲ್ಲ.

ಸಂಘಮಿತ್ರಾ ಹಾಳೆಯ ಮೇಲೆ ಚಿಕ್ಕಸ್ವಾಮಿಗೆ ಒಂದು ಚೌಕ ಬರೆದು, ಅದರಿಂದ ಕೆಳಕ್ಕೆ ಎರಡು ಗೆರೆ ಇಳಿಸಿದರು. ಪೆನ್ನು ಅಲ್ಲೇ ಕಾಯಿತು. "ಮೊದಲು ಅವರ ರಕ್ತ ಪರೀಕ್ಷೆಗೆ ಕಳಿಸ್ತೀವಿ. ಅದರಲ್ಲಿ ಇಳಿದು ಬರೋ ದೋಷ ಸಿಕ್ಕಿದ್ರೆ ಒಬ್ಬೊಬ್ಬ ಮಗುವಿಗೂ ಅದು ಬಂದಿರೋ ಸಾಧ್ಯತೆ ಅರ್ಧ, ಬರದೇ ಇರೋ ಸಾಧ್ಯತೆ ಅರ್ಧ. ಈಗಲೇ ಗೊತ್ತಾದ್ರೆ ಅವರಿಗೆ ಮಾಡೋಕೆ ದಾರಿ ಇದೆ. ಮಕ್ಕಳ ಹೆಸರು ಹೇಳಿ."

ಸತ್ತವರ ಹೆಸರನ್ನು ಸರಸರನೆ ಹೇಳಿದ್ದ ಮುದುಕಿ ಕೈಚಾಚಿ ಸೊಸೆಯ ಬಾಯಿ ಮುಚ್ಚಿದಳು. "ಯೋಳ್ಬ್ಯಾಡ ಕಣಮ್ಮೀ. ಆ ಹಾಳೇಲಿ ಬರ್ಸ್‌ಬ್ಯಾಡ. ನಿನ್ ಕಾಲ್ ಹಿಡ್ಕತೀನಿ."

ಗೋಡೆಯ ಆಚೆ ವಾರ್ಡಿನಲ್ಲಿ ಯಾರೋ ಕಕ್ಕುತ್ತಿದ್ದರು. ಅದು ಚಿಕ್ಕಸ್ವಾಮಿಯೇ ಎಂದು ಇಬ್ಬರಿಗೂ ಸದ್ದಿನಿಂದಲೇ ತಿಳಿಯಿತು. ಜಯಶೀಲ ಬಾಯ ಮೇಲಿದ್ದ ಅತ್ತೆಯ ಕೈಯನ್ನು ಬಿಡಿಸಿ, ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು.

"ಹರ್ಷಿತ" ಎಂದಳು. "ಹತ್ತೊಂಬತ್ತು. ಮಂಡ್ಯದಲ್ಲಿ ಡಿಗ್ರಿ ಓದ್ತಾವ್ಳೆ. ಅವ್ಳಾದ್ಮೇಲೆ ಅರುಣ್. ಹದಿನಾಲ್ಕು."

ಪೆನ್ನು ಒಂದು ಸೊನ್ನೆ ಬರೆಯಿತು, ಒಂದು ಚೌಕ ಬರೆಯಿತು.

"ಹರ್ಷಿತ ಸಾಯಂಕಾಲ ಫೋನ್ ಮಾಡ್ತಾಳೆ ಮೇಡಂ, ಅಪ್ಪ ಎಷ್ಟು ಉಂಡ ಅಂತ ಕೇಳಾಕೆ" ಎಂದಳು ಜಯಶೀಲ. "ಅವ್ಳಿಗೆ ಏನಂತ ಯೋಳ್ಲಿ?"